ಗರ್ಭಸ್ಥ ಜೀವವೂ ಅಹಿಂಸಾಣುವ್ರತವೂ



ಕಳೆದ ದಶಲಕ್ಷಣ ಪರ್ವದಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದು, "ಮೇಷ್ಟ್ರೇ, ಎಷ್ಟು ಉಪವಾಸ ಮಾಡಿದರೆ ಗರ್ಭಪಾತದ ಪಾಪ ಕಳೆದೀತು?" ಎಂದು ಕೇಳಿದಳು. ಗರ್ಭದಲ್ಲಿರುವುದು ಹೆಣ್ಣೆಂದು ಗುಟ್ಟಾಗಿ ತಿಳಿದುಕೊಂಡ ಮನೆಯವರು ಆಕೆಯನ್ನು ಬಲವಂತವಾಗಿ ಒಪ್ಪಿಸಿದ್ದರು. ಈಗ ಆ ಮನೆಯಲ್ಲಿ ಉಪವಾಸವಿರುವವಳು ಆಕೆಯೊಬ್ಬಳೇ. ಅಂದು ನಾನು ಉತ್ತರ ಕೊಡಲಾರದೆ ಹೋದೆ. ಈ ಪಾಠವೇ ಆ ಉತ್ತರ.

ಜೀವವು ಗರ್ಭಕ್ಕೆ ಬರುವುದು ಯಾವಾಗ? ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಸಂಮೂರ್ಛನ, ಗರ್ಭ, ಉಪಪಾದ ಎಂದು ಜನ್ಮವನ್ನು 3 ಬಗೆಯಾಗಿ ವಿಂಗಡಿಸುತ್ತದೆ. ಹಿಂದಿನ ದೇಹವನ್ನು ತೊರೆದ ಜೀವವು ಕೆಲವೇ ಸಮಯಗಳಲ್ಲಿ ಹೊಸ ಜನ್ಮಸ್ಥಾನವನ್ನು ಸೇರುತ್ತದೆ. ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂಬ 6 ಪರ್ಯಾಪ್ತಿಗಳು, ಎಂದರೆ ಇವುಗಳನ್ನು ರೂಪಿಸಿಕೊಳ್ಳುವ ಶಕ್ತಿಗಳು, ಅಂತರ್ಮುಹೂರ್ತದಲ್ಲಿ, 48 ನಿಮಿಷ ತುಂಬುವ ಮೊದಲೇ ಪೂರ್ಣಗೊಳ್ಳುತ್ತವೆ. ಆದ್ದರಿಂದ ಕೆಲವು ಮಾಸಗಳಾದ ಮೇಲೆ ಜೀವ ಬರುತ್ತದೆ ಎಂಬುದು ನಮ್ಮ ಆಗಮದ ಮಾತಲ್ಲ.

"ಕಾನೂನು ಒಪ್ಪಿದೆಯಲ್ಲ?" ಎನ್ನುವವರುಂಟು. 1971ರ ಕಾಯಿದೆ, 2021ರ ತಿದ್ದುಪಡಿಯ ನಂತರ, ನಿಗದಿತ ಕಾರಣಗಳಿದ್ದಲ್ಲಿ 20 ವಾರಗಳವರೆಗೆ, ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಭ್ರೂಣದ ಲಿಂಗಪತ್ತೆಯನ್ನಾದರೋ 1994ರ ಕಾಯಿದೆ ನಿಷೇಧಿಸಿದೆ. ಕಾನೂನು ನೋಡುವುದು ದಂಡನೆಯನ್ನು. ವ್ರತ ನೋಡುವುದು ಕರ್ಮಬಂಧವನ್ನು.

ಇನ್ನು ಹೊಣೆ ಯಾರದು? ಜಪಮಾಲೆಯ 108 ಮಣಿಗಳನ್ನು ನಿತ್ಯವೂ ಎಣಿಸುತ್ತೇವೆ. ಸಂರಂಭ, ಸಮಾರಂಭ, ಆರಂಭ ಎಂಬ 3, ಮನ, ವಚನ, ಕಾಯ ಎಂಬ 3, ಕೃತ, ಕಾರಿತ, ಅನುಮೋದನೆ ಎಂಬ 3, ಕಷಾಯಗಳು 4. ಇವನ್ನು ಗುಣಿಸಿದರೆ ಬರುವ 108 ಆಸ್ರವದ್ವಾರಗಳನ್ನು ಆ ಮಣಿಗಳು ನೆನಪಿಸುತ್ತವೆ. ಇವುಗಳಲ್ಲಿ ತಾನೇ ಮಾಡಿದವು 36 ಮಾತ್ರ. ಉಳಿದ 72 ಮಾಡಿಸಿದವು ಮತ್ತು ಮೆಚ್ಚಿದವು. ಒತ್ತಾಯಿಸಿದ ಪತಿ, ಹಂಗಿಸಿದ ಅತ್ತೆ, ಮೌನವಾಗಿ ಸಮಾಧಾನಪಟ್ಟ ಮಾವ, ಇವರ ಮಣಿಗಳನ್ನು ಸೊಸೆ ಎಣಿಸಲಾಗದು.

ಹೆದರಿ ಒಪ್ಪಿದವಳಿಗೆ ದೋಷವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಭಾವದ ತೀವ್ರತೆ, ಮಂದತೆಗಳಿಗೆ ತಕ್ಕಂತೆ ಆಸ್ರವದಲ್ಲಿ ಭೇದವುಂಟೆಂದು ಅದೇ ಸೂತ್ರಗ್ರಂಥ ತಿಳಿಸುತ್ತದೆ. ತಾಯಿಯ ಪ್ರಾಣವೇ ಅಪಾಯದಲ್ಲಿದ್ದು ವೈದ್ಯರು ಬೇರೆ ದಾರಿಯಿಲ್ಲವೆಂದಾಗ ಅಲ್ಲಿರುವುದು ಉಳಿಸುವ ಸಂಕಲ್ಪ, ಕೊಲ್ಲುವ ಸಂಕಲ್ಪವಲ್ಲ. ಆಗಲೂ ಒಂದು ಜೀವ ಹೋದ ದುಃಖವನ್ನು ಗುರುಗಳ ಮುಂದೆ ಆಲೋಚನೆ ಮಾಡುವುದು ಯುಕ್ತ; ಆ ತಾಯಿಯನ್ನು ದೂಷಿಸುವುದು ಯುಕ್ತವಲ್ಲ. ಇದು ನನ್ನ ತಿಳಿವಳಿಕೆ.

ಆ ಶಿಷ್ಯೆಗೆ ಹೇಳುವುದಿಷ್ಟು: ತಾಯಿ, ಉಪವಾಸದ ಲೆಕ್ಕ ಬಿಡು. ಆಲೋಚನೆ, ಪ್ರತಿಕ್ರಮಣಗಳಿಂದ ತೊಡಗು. ನಿನ್ನ ದೇಹಬಲ ನೋಡಿ ಗುರುಗಳು ಹೇಳಿದಷ್ಟನ್ನೇ ಆಚರಿಸು. ಆಕೆಯ ಮನೆಯವರಿಗೆ ಹೇಳುವುದೂ ಇಷ್ಟೇ: ಬರುವ ಚತುರ್ದಶಿಯಂದು ಅವಳೊಬ್ಬಳನ್ನೇ ಉಪವಾಸಕ್ಕೆ ಕೂರಿಸಿ ನೀವು ಊಟಕ್ಕೆ ಕೂರಬೇಡಿ.