ಓ, ಯು, ಜಿ, ಎಚ್

ಇಂಗ್ಲಿಷನ್ನು ಬರೆದಂತೆ ಓದುವುದಿಲ್ಲ, ಓದಿದಂತೆ ಬರೆಯುವುದಿಲ್ಲ ಎಂಬ ದೂರು ವಿದ್ಯಾರ್ಥಿಮಿತ್ರರಲ್ಲಿ ಬಹು ಹಳೆಯದು. ಈ ದೂರಿಗೆ ಸಾಕ್ಷಿ ನುಡಿಯಬಲ್ಲ ಅಕ್ಷರಗಳ ಗುಂಪುಗಳು ಹಲವಿದ್ದರೂ ಅವುಗಳಲ್ಲಿ ಅಗ್ರಸ್ಥಾನ ಓ, ಯು, ಜಿ, ಎಚ್ ಎಂಬ ನಾಲ್ಕಕ್ಕೆ ಸಲ್ಲತಕ್ಕದ್ದು. ಈ ನಾಲ್ವರು ಕೂಡಿ ನಿಂತಾಗ ಒಂದೊಂದು ಪದದಲ್ಲಿ ಒಂದೊಂದು ವೇಷ ಹಾಕುತ್ತಾರೆ. ಆ ವೇಷಗಳ ಕಾರಣವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವೇಷಗಳನ್ನು ಎಣಿಸೋಣ. ಕೆಮ್ಮಿಗೆ ‘ಕಾಫ್’, ದನಗಳ ಬಾನಿಗೆ ‘ಟ್ರಾಫ್’. ಇಲ್ಲಿ ಧ್ವನಿ ‘ಆಫ್’. ಒರಟಿಗೆ ‘ರಫ್’, ಸಾಕು ಎನ್ನುವುದಕ್ಕೆ ‘ಇನಫ್’, ಇಲ್ಲಿ ‘ಅಫ್’. ಕೊಂಬೆ ‘ಬೌ’, ನೇಗಿಲು ‘ಪ್ಲೌ’, ಇಲ್ಲಿ ‘ಔ’. ಆದರೂ ಎಂಬರ್ಥದ ‘ದೋ’, ಕಲಸಿದ ಹಿಟ್ಟಾದ ‘ಡೋ’ ಇವುಗಳಲ್ಲಿ ‘ಓ’. ಮೂಲಕ ಎಂಬರ್ಥದ ‘ಥ್ರೂ’ದಲ್ಲಿ ‘ಊ’. ಸಮಗ್ರ ಎಂಬರ್ಥದ ‘ಥರ’ದ ಕೊನೆಯಲ್ಲಿ ಅರೆನುಡಿದ ‘ಅ’. ಮುಂದೆ ಟಿ ಸೇರಿದರೆ ‘ಥಾಟ್’, ‘ಬಾಟ್’ ಎಂಬಂತೆ ‘ಆ’. ಬಿಕ್ಕಳಿಕೆಯ ‘ಹಿಕಪ್’ಗೂ ಈ ಬಾಲವನ್ನು ಹಚ್ಚಿ ಬರೆಯುವುದುಂಟು, ಕೆಮ್ಮಿಗೂ ಅದಕ್ಕೂ ನಂಟಿದೆಯೆಂಬ ತಪ್ಪು ತಿಳಿವಳಿಕೆಯ ಫಲವದು. ಅಲ್ಲಿಗೆ ಅಕ್ಷರ ನಾಲ್ಕು, ಧ್ವನಿ ಎಂಟು.

ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವನಿಗೆ ಇದರಿಂದ ಬಾಧಕವಿಲ್ಲ. ಅವನಿಗೆ ಧ್ವನಿ ಮೊದಲು, ಅಕ್ಷರ ಅನಂತರ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಿಂದ ಬಂದು, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ನನ್ನಂಥವರಿಗಾದರೋ ಅಕ್ಷರವೇ ಮೊದಲು. ಧ್ವನಿಯೇನೆಂದು ಕೇಳೋಣವೆಂದರೆ ಮನೆಯಲ್ಲಿ ಹೇಳುವವರಿಲ್ಲ. ಆದಕಾರಣ ಅಕ್ಷರ ಸುಳ್ಳಾಡಿದರೆ ಮೋಸಹೋಗುವವರು ನಾವೇ. ಗಟ್ಟಿಯಾಗಿ ಓದಲು ಅಂಜಿ ಹಿಂದಿನ ಬೆಂಚಿಗೆ ಸರಿಯುವ ಎಷ್ಟೋ ಮಂದಿಗೆ ಕೊರತೆಯಿರುವುದು ಬುದ್ಧಿಯದಲ್ಲ. ಈ ಅಕ್ಷರಗಳ ಪೂರ್ವೋತ್ತರ ತಿಳಿಯದಿರುವುದು, ಅಷ್ಟೆ.

ಆ ಪೂರ್ವೋತ್ತರ ಹೀಗಿದೆ. ಜಿ, ಎಚ್ ಎಂಬ ಜೋಡಿ ಒಂದಾನೊಂದು ಕಾಲದಲ್ಲಿ ನಿಜವಾಗಿ ನುಡಿಯುತ್ತಿತ್ತು. ಅದು ಗಂಟಲನ್ನು ಉಜ್ಜಿ ಹೊರಡುವ, ಖಕಾರಕ್ಕೂ ಹಕಾರಕ್ಕೂ ನಡುವಣ ಧ್ವನಿ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಅದು ಇಂದಿಗೂ ಜೀವಂತವಾಗಿದೆ. ಇಂಗ್ಲಿಷಿನ ‘ನೈಟ್’ ಅಲ್ಲಿ ‘ನಾಖ್ಟ್’, ‘ಡಾಟರ್’ ಅಲ್ಲಿ ‘ಟೋಖ್ಟರ್’. ಐರ್ಲೆಂಡಿನವರು ಕೆರೆ ಸರೋವರಗಳಿಗೆ ‘ಲಾಖ್’ ಎನ್ನುತ್ತಾರೆ. ಬರೆಯುವುದು ಇದೇ ನಾಲ್ಕಕ್ಷರಗಳಿಂದ, ನುಡಿಯುವುದು ಆ ಗಂಟಲ ಧ್ವನಿಯಿಂದ. ಇಂಗ್ಲೆಂಡಿನ ಬಾಯಲ್ಲಿ ಮಾತ್ರ ಈ ಧ್ವನಿ ಕ್ರಮೇಣ ಸವೆಯಿತು. ಕೆಲವು ಪದಗಳಲ್ಲಿ ತುಟಿಗೆ ಜಾರಿ ‘ಫ್’ ಆಯಿತು, ಹಲವುಗಳಲ್ಲಿ ಸದ್ದಿಲ್ಲದೆ ಅಳಿಯಿತು. ಅದರ ಹಿಂದಿನ ಸ್ವರಗಳೂ ಪ್ರಾಂತಕ್ಕೊಂದು ದಾರಿ ಹಿಡಿದವು. ಇತ್ತ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಮನೆ ತೆರೆದ ಮೇಲೆ ಬರವಣಿಗೆ ನೆಲೆಗೊಳ್ಳತೊಡಗಿತು. 1755ರ ಜಾನ್ಸನ್ ನಿಘಂಟು ಅದಕ್ಕೆ ಮುದ್ರೆಯೊತ್ತಿತು. ನುಡಿ ಮುಂದಕ್ಕೆ ನಡೆಯಿತು, ಬರಹ ನಿಂತಲ್ಲೇ ನಿಂತಿತು.

ತಿದ್ದುವ ಯತ್ನಗಳು ನಡೆಯದೆ ಇಲ್ಲ. ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 1906ರಲ್ಲಿ 300 ಪದಗಳನ್ನು ಸರಳವಾಗಿ ಬರೆಯಬೇಕೆಂದು ಸರ್ಕಾರಿ ಮುದ್ರಣಾಲಯಕ್ಕೆ ಅಪ್ಪಣೆ ಮಾಡಿದರು. ‘ದೋ’, ‘ಥ್ರೂ’ಗಳ ಜಿ, ಎಚ್ ಕಳಚಿಬಿದ್ದವು. ಆದರೆ ಶಾಸನಸಭೆ ವಿರೋಧಿಸಿದ್ದರಿಂದ ಅದೇ ವರ್ಷ ಅಪ್ಪಣೆಯನ್ನು ಹಿಂದೆಗೆಯಬೇಕಾಯಿತು.

ಇದೆಲ್ಲ ಪರದೇಶದ ಕಥೆಯೆಂದು ನಗಬೇಕಾದುದಿಲ್ಲ. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಳ್ಳಿ ‘ಪಳ್ಳಿ’, ಹೆಸರು ‘ಪೆಸರ್’. ಮುಂದಿನ ಶತಮಾನಗಳಲ್ಲಿ ಪಕಾರ ಸಡಿಲಗೊಂಡು ಹಕಾರವಾಯಿತು. ನೆರೆಯ ತೆಲುಗು ಪಕಾರವನ್ನು ಬಿಡಲಿಲ್ಲ. ಅನಂತಪುರ ಜಿಲ್ಲೆಗೆ ಅಂಟಿಕೊಂಡಿರುವ ನಮ್ಮ ಎರಡು ತಾಲ್ಲೂಕುಗಳಲ್ಲಿ ತೆಲುಗು ಮನೆಮಾತಿನವರು ಬಹಳ. ಚಳ್ಳಕೆರೆಯ ಸಂತೆಯಲ್ಲಿ ನಿಂತರೆ ಒಂದು ಕಿವಿಗೆ ‘ಹಾಲು’, ಇನ್ನೊಂದಕ್ಕೆ ‘ಪಾಲು’. ಒಂದಕ್ಕೆ ‘ಹೂವು’, ಇನ್ನೊಂದಕ್ಕೆ ‘ಪುವ್ವು’. ಇಂಗ್ಲಿಷಿಗೆ ಜರ್ಮನ್ ಹೇಗೋ ಕನ್ನಡಕ್ಕೆ ತೆಲುಗು ಹಾಗೆ; ನಾವು ಕಳೆದುಕೊಂಡ ಧ್ವನಿಯನ್ನು ಪಕ್ಕದ ಮನೆಯವರು ಕಾಪಾಡಿಕೊಂಡಿದ್ದಾರೆ. ವ್ಯತ್ಯಾಸ ಒಂದೇ: ಕನ್ನಡಿಗರು ಧ್ವನಿಯ ಜೊತೆಗೆ ಅಕ್ಷರವನ್ನೂ ಬದಲಿಸಿದರು, ಇಂಗ್ಲಿಷರು ಬದಲಿಸಲಿಲ್ಲ. ನಮಗೆ ಇಂದಿನ ಬರಹ ಸುಲಭ, ಪಂಪ ಕಷ್ಟ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹಾಲು ಈಗ ‘ಆಲು’, ಹಳ್ಳಿ ‘ಅಳ್ಳಿ’. ನುಡಿಯಲ್ಲಿ ಹಕಾರ ಹೋಯಿತು, ಬರಹದಲ್ಲಿ ಉಳಿಯಿತು. ‘ನೈಟ್’ ಎಂಬ ಪದಕ್ಕೆ ಆದದ್ದೂ ಇದೇ ಅಲ್ಲವೆ? ಒಂದು ನಾಡಿನವರು ಧ್ವನಿಯನ್ನು ನುಂಗಿದರೆ ಅದು ಶುದ್ಧ ಉಚ್ಚಾರಣೆ. ನಮ್ಮ ಹಳ್ಳಿಯ ಹುಡುಗ ನುಂಗಿದರೆ ಅದು ಅವಿದ್ಯೆ! ಈ ನ್ಯಾಯವನ್ನು ಭಾಷಾಶಾಸ್ತ್ರ ಒಪ್ಪುವುದಿಲ್ಲ. ಬರೆಯುವಾಗ ಶಿಷ್ಟರೂಪವನ್ನು ಕಲಿಯಬೇಕಾದುದು ನಿಜ. ಆದರೆ ಕಲಿಯುವವನನ್ನು ನಕ್ಕು ನೋಯಿಸಬೇಕಾದ ಕಾರಣವಿಲ್ಲ.

ಕೈಗೆ ಹತ್ತುವ ಕೆಲವು ಸೂತ್ರಗಳನ್ನೂ ಹೇಳಬಹುದಾಗಿದೆ. ಜಿ, ಎಚ್ ಆದಮೇಲೆ ಟಿ ಬಂದರೆ ಜೋಡಿ ಬಹುಮಟ್ಟಿಗೆ ಮೌನ. ನಗುವಿನ ‘ಲಾಫ್ಟರ್’ನಂಥವು ಅಪವಾದ. ನಾಲ್ಕಕ್ಷರಗಳ ಮುಂದೆ ಟಿ ನಿಂತ ಕೊನೆಯ ಧ್ವನಿ ‘ಆಟ್’: ‘ಬಾಟ್’, ‘ಬ್ರಾಟ್’, ‘ಫಾಟ್’, ‘ಸಾಟ್’, ‘ಥಾಟ್’. ಇದಕ್ಕೆ ಎದುರುಬೀಳುವ ಪದ ‘ಡ್ರೌಟ್’, ಎಂದರೆ ಬರಗಾಲ. ಒಣಗಿದ ಎಂಬರ್ಥದ ‘ಡ್ರೈ’ ಅದರ ಒಡಹುಟ್ಟು. ಮಳೆ ಕಡಮೆಯಾದ ನಮ್ಮ ಸೀಮೆಯವರು ಈ ಪದವನ್ನು ಮರೆಯುವಂತಿಲ್ಲ. ನೇಗಿಲಿನ ‘ಪ್ಲೌ’ ಜೊತೆಯಲ್ಲಿಟ್ಟು ನೆನೆದರೆ ಎರಡರ ಔಕಾರವೂ ನಿಲ್ಲುತ್ತದೆ. ‘ಫ್’ ಧ್ವನಿಯವು ಬೆರಳೆಣಿಕೆಯಷ್ಟು. ಅವನ್ನು ಬಾಯಿಪಾಠ ಮಾಡಿದರಾಯಿತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಕೆತ್ತಿದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ಕಸುಬಿನ ಹೆಸರನ್ನು ಮಾತ್ರ ಆತ ವಾಯವ್ಯ ದೇಶದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ಆ ಒಂದು ಪದದಿಂದಲೇ ಅವನಿಗೆ ವಾಯವ್ಯದ ಲಿಪಿವಿದ್ಯೆ ತಿಳಿದಿತ್ತೆಂದು ಇಂದು ನಮಗೆ ಗೊತ್ತಾಗುತ್ತದೆ. ಅನಾವಶ್ಯಕವೆಂದು ತೋರುವ ಅಕ್ಷರವೂ ತಾನು ಬಂದ ದಾರಿಯನ್ನು ಹೇಳಬಲ್ಲುದು. ಇಂಗ್ಲಿಷ್ ಪದದಲ್ಲಿ ಮೂಕವಾಗಿ ನಿಂತ ಜಿ, ಎಚ್ ಕೂಡ ಅಂಥದೊಂದು ಶಾಸನ. ಶಾಸನಕ್ಕೆ ಯಾರೂ ಹೆದರುವುದಿಲ್ಲ, ತಾಳ್ಮೆಯಿಂದ ಓದುತ್ತಾರೆ. ಮಿತ್ರರು ಇಂಗ್ಲಿಷ್ ಪುಟವನ್ನೂ ಹಾಗೆಯೇ ಓದಲೆಂದು, ಗಟ್ಟಿಯಾಗಿ, ಮುಂದಿನ ಬೆಂಚಿನಲ್ಲಿ ಕುಳಿತು ಓದಲೆಂದು ನನ್ನ ಅರಿಕೆ.