ಆಸ್ಪತ್ರೆಯ ಕಸವೂ ನಮ್ಮ ಕರ್ತವ್ಯವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರಾದವರಿಗೆ, ಹಿಂದಿನ ಆಸ್ಪತ್ರೆಗಳಲ್ಲಿ ಒಲೆಯ ಮೇಲೆ ಕುದಿಯುತ್ತಿದ್ದ ಗಾಜಿನ ಸಿರಿಂಜುಗಳ ನೆನಪು ಇನ್ನೂ ಇರಬಹುದು. ಸೂಜಿಯನ್ನು ಕುದಿಸಿ, ಗಾಯಕ್ಕೆ ಕಟ್ಟಿದ ಬಟ್ಟೆಪಟ್ಟಿಯನ್ನು ಒಗೆದು, ಅವನ್ನೇ ಪುನಃ ಉಪಯೋಗಿಸುತ್ತಿದ್ದ ಕಾಲವದು. ಆ ದಿನಗಳಲ್ಲಿ ಆಸ್ಪತ್ರೆಯ ಹಿಂದುಗಡೆ ಬೀಳುತ್ತಿದ್ದ ಕಸವು ಅಲ್ಪವಾಗಿತ್ತು. ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯು ಆರಂಭವಾದ ಕಾಲದಿಂದ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಸ್ಥಾಪಿತವಾದ ಕಾಲದವರೆಗೆ ನಮ್ಮ ಜಿಲ್ಲೆಯಲ್ಲಿ ಚಿಕಿತ್ಸೆಯು ಬಹಳವಾಗಿ ವೃದ್ಧಿಯಾಯಿತು. ಚಿಕಿತ್ಸೆಯೊಡನೆ ಅದರ ಕಸವೂ ವೃದ್ಧಿಯಾಯಿತು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲನೆಯದಾಗಿ, ಹಳೆಯ ಪದ್ಧತಿಗೇ ಮರಳಬೇಕೆಂದು ಯಾರೂ ತಿಳಿಯಬಾರದು. ಸರಿಯಾಗಿ ಶುದ್ಧಿ ಮಾಡದ ಸೂಜಿಯಿಂದ ಯಕೃತ್ತಿನ ಕಾಮಾಲೆಯೂ ಎಚ್.ಐ.ವಿ. ಸೋಂಕೂ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ಒಂದು ಸೂಜಿ ಒಬ್ಬ ರೋಗಿಗೆ ಒಂದೇ ಸಲ ಎಂಬ ನಿಯಮವು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಒಂದೇ ಸಲ ಉಪಯೋಗಿಸಿ ಬಿಸಾಡುವ ಅಭ್ಯಾಸವು ಅಗತ್ಯವಿಲ್ಲದ ಕಡೆಗೂ ಹಬ್ಬಿದೆ. ಅಗತ್ಯವಾದುದು ಯಾವುದು, ಅನಗತ್ಯವಾದುದು ಯಾವುದು ಎಂದು ವಿವೇಚಿಸುವುದರಲ್ಲಿಯೇ ಈ ಪಾಠದ ಸಾರವೆಲ್ಲ ಇದೆ.

ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ, ಆಸ್ಪತ್ರೆಯ ಕಸದಲ್ಲಿ ಸುಮಾರು ನೂರಕ್ಕೆ 85 ಪಾಲು ಮನೆಯ ಕಸದಂತೆಯೇ ನಿರಪಾಯವಾದದ್ದು: ಕಾಗದ, ರಟ್ಟು, ಹಣ್ಣಿನ ಸಿಪ್ಪೆ, ಉಳಿದ ಅನ್ನ. ಮಿಕ್ಕ 15 ಪಾಲು ಮಾತ್ರವೇ ಅಪಾಯಕರವಾದದ್ದು. ಇಲ್ಲಿ ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಒಂದು ಆಸ್ಪತ್ರೆಯಲ್ಲಿ ದಿನಕ್ಕೆ 100 ಕಿಲೋ ಕಸ ಬೀಳುವುದೆಂದು ಇಟ್ಟುಕೊಂಡರೆ, ಅದರಲ್ಲಿ 15 ಕಿಲೋ ಕಸಕ್ಕೆ ಮಾತ್ರ ವಿಶೇಷವಾದ ಸಂಸ್ಕಾರ ಬೇಕು. ರಕ್ತ ಹತ್ತಿದ ಹತ್ತಿಯನ್ನು ಬಾಳೆಹಣ್ಣಿನ ಸಿಪ್ಪೆಯೊಡನೆ ಒಂದೇ ಬುಟ್ಟಿಗೆ ಹಾಕಿದರೆ, 100 ಕಿಲೋವೂ ಅಪಾಯಕರವಾಗುವುದು. ಅಷ್ಟನ್ನೂ ಲಾರಿಯಲ್ಲಿ ಸಾಗಿಸಬೇಕು. ಅದಕ್ಕಾಗಿ ಡೀಸೆಲನ್ನೂ ವಿದ್ಯುತ್ತನ್ನೂ ವ್ಯಯಮಾಡಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ತಾಲ್ಲೂಕು ಊರುಗಳ ಆಸ್ಪತ್ರೆಗಳಿಂದ ಕಸವು ದೂರ ಸಾಗಬೇಕಾಗಿರುವುದರಿಂದ, ಪ್ರತಿಯೊಂದು ಕಿಲೋ ತೂಕಕ್ಕೂ ಬೆಲೆಯುಂಟು.

ಇದಕ್ಕಾಗಿಯೇ ಭಾರತ ಸರ್ಕಾರದವರು 1998ರಲ್ಲಿ ನಿಯಮಗಳನ್ನು ಮಾಡಿ, 2016ರಲ್ಲಿ ಅವನ್ನು ಹೊಸದಾಗಿ ರಚಿಸಿದರು. ಆಸ್ಪತ್ರೆಗೆ ಹೋದಾಗ ನಾವು ಕಾಣುವ ಬಣ್ಣಬಣ್ಣದ ಬುಟ್ಟಿಗಳ ಅರ್ಥವು ಹೀಗಿದೆ. ಹಳದಿಯದರಲ್ಲಿ ರಕ್ತ ಹತ್ತಿದ ಹತ್ತಿ, ಬಟ್ಟೆಪಟ್ಟಿ, ಅವಧಿ ಮೀರಿದ ಔಷಧ ಮೊದಲಾದವು. ಇವುಗಳಲ್ಲಿ ಹೆಚ್ಚಿನವನ್ನು ಮಹಾ ಉಷ್ಣದ ಕುಲುಮೆಯಲ್ಲಿ ಸುಡುವರು. ಕೆಂಪಿನದರಲ್ಲಿ ಪ್ಲಾಸ್ಟಿಕ್ ನಳಿಕೆ, ಗ್ಲೂಕೋಸ್ ಬಾಟಲಿ, ಕೈಗವಸು, ಸೂಜಿ ತೆಗೆದ ಸಿರಿಂಜು. ಇವನ್ನು ಆವಿಯಲ್ಲಿ ಶುದ್ಧಿಮಾಡಿ, ಚೂರುಮಾಡಿ, ಪುನಃ ಬೇರೆ ವಸ್ತುಗಳ ತಯಾರಿಕೆಗೆ ಕಳುಹಿಸುವರು. ಚುಚ್ಚಲಾಗದ ಬಿಳಿಯ ಡಬ್ಬದಲ್ಲಿ ಸೂಜಿ ಮತ್ತು ಅಲಗು. ನೀಲಿಯದರಲ್ಲಿ ಗಾಜು. ಸಂಸ್ಕಾರ ಮಾಡದ ಈ ಕಸವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಸಂಗ್ರಹಿಸಿಡಬಾರದೆಂಬ ಕಟ್ಟಳೆಯೂ ಉಂಟು. ಕೆಂಪು ಬುಟ್ಟಿಗೆ ಸೇರತಕ್ಕ ಪ್ಲಾಸ್ಟಿಕ್ಕು ತಪ್ಪಿ ಹಳದಿಗೆ ಬಿದ್ದರೆ, ಪುನಃ ಉಪಯೋಗಕ್ಕೆ ಬರುವ ವಸ್ತುವು ಬೂದಿಯೂ ವಿಷದ ಹೊಗೆಯೂ ಆಗುವುದು. ಆದುದರಿಂದ ಕಸವನ್ನು ಬೇರ್ಪಡಿಸುವ ಕೆಲಸವು ಅದು ಹುಟ್ಟಿದ ಸ್ಥಳದಲ್ಲಿ, ಮೊದಲನೆಯ ಕೈಯಲ್ಲಿಯೇ ಆಗತಕ್ಕದ್ದು.

ಕಣ್ಣಿಗೆ ಕಾಣುವ ಕಸವು ಇಷ್ಟಾದರೆ, ಕಣ್ಣಿಗೆ ಕಾಣದ ಕಸವೊಂದುಂಟು. ಅದು ಭೂಮಿಯನ್ನು ಕಾಯಿಸುವ ಇಂಗಾಲಾಮ್ಲ ಮೊದಲಾದ ವಾಯುಗಳು. ಲೋಕದಲ್ಲಿ ಹೊರಬೀಳುವ ಇಂತಹ ವಾಯುಗಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಲು ಆರೋಗ್ಯ ಸೇವೆಯಿಂದಲೇ ಬರುವುದೆಂದು 2019ರಲ್ಲಿ ಪ್ರಕಟವಾದ ಒಂದು ವರದಿಯು ತೋರಿಸಿತು. ಅದರಲ್ಲಿ ದೊಡ್ಡ ಭಾಗವು ಆಸ್ಪತ್ರೆಯ ದೀಪ ಬೀಸಣಿಗೆಗಳಿಂದ ಬಂದುದಲ್ಲ. ಅಲ್ಲಿಗೆ ಬೇಕಾದ ಔಷಧ, ಉಪಕರಣ, ಪ್ಲಾಸ್ಟಿಕ್ ಮುಂತಾದವುಗಳ ತಯಾರಿಕೆಯಿಂದಲೂ ಸಾಗಾಣಿಕೆಯಿಂದಲೂ ಬಂದದ್ದು. ಹೀಗಿರಲಾಗಿ, ವ್ಯರ್ಥವಾಗಿ ಬಿಸಾಡಿದ ಒಂದು ಜೊತೆ ಕೈಗವಸು ಕಸವಾಗುವ ಮೊದಲೇ ಹೊಗೆಯಾಗಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಅರಿವಳಿಕೆಯ ವಾಯುಗಳಲ್ಲಿ ಡೆಸ್‌ಫ್ಲುರೇನ್ ಎಂಬುದು ಇಂಗಾಲಾಮ್ಲಕ್ಕಿಂತ ಸುಮಾರು 2,500 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಅದರ ಬದಲಾಗಿ ಬೇರೆ ಔಷಧಗಳು ಇರುವುದರಿಂದ ಸ್ಕಾಟ್ಲೆಂಡಿನವರು 2023ರಲ್ಲಿ ಅದರ ಉಪಯೋಗವನ್ನು ನಿಲ್ಲಿಸಿದರು.

ಮಿತವ್ಯಯದಿಂದ ಚಿಕಿತ್ಸೆಯು ಕೆಡುವುದೋ ಎಂದು ಕೆಲವರು ಸಂದೇಹಪಡಬಹುದು. ಇದಕ್ಕೆ ಉತ್ತರವು ನಮ್ಮ ನೆರೆಯ ಮಧುರೆಯಲ್ಲಿಯೇ ಇದೆ. ಅಲ್ಲಿನ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಉಪಕರಣಗಳನ್ನು ಕ್ರಮವಾಗಿ ಶುದ್ಧಿಮಾಡಿ ಪುನಃ ಉಪಯೋಗಿಸುವುದರಿಂದ, ಒಂದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಸುಮಾರು 6 ಕಿಲೋದಷ್ಟು ಇಂಗಾಲಾಮ್ಲವು ಹೊರಬೀಳುವುದೆಂದೂ, ಬ್ರಿಟನ್ನಿನಲ್ಲಿ ಅಂತಹದೇ ಚಿಕಿತ್ಸೆಗೆ ಅದರ ಇಪ್ಪತ್ತು ಪಟ್ಟು ಆಗುವುದೆಂದೂ 2017ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಆದರೂ ಅಲ್ಲಿ ರೋಗಿಗಳಿಗೆ ಸೋಂಕು ತಗಲುವುದು ಅತಿ ವಿರಳ. ಶುದ್ಧಿಗೂ ಮಿತವ್ಯಯಕ್ಕೂ ವೈರವಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸೆಲ್ಕೊ ಪ್ರತಿಷ್ಠಾನದೊಡನೆ ಕೂಡಿ, ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಒದಗಿಸುವ ಕಾರ್ಯವನ್ನು ಕೈಕೊಂಡಿದೆ. ಹಳ್ಳಿಯಲ್ಲಿ ವಿದ್ಯುತ್ತು ಹೋದ ರಾತ್ರಿಯಲ್ಲಿ ಹೆರಿಗೆಯ ಕೋಣೆಯ ದೀಪವೂ ಲಸಿಕೆಯ ಶೀತಪೆಟ್ಟಿಗೆಯೂ ಇದರಿಂದ ನಿಲ್ಲದೆ ನಡೆಯುವುವು.

ಇನ್ನು ಮನೆಯಲ್ಲಿರುವ ನಮ್ಮ ಕರ್ತವ್ಯವೇನು? ಸಣ್ಣ ಜ್ವರಕ್ಕೂ "ಒಂದು ಸೂಜಿ ಹಾಕಿ, ಗ್ಲೂಕೋಸ್ ಏರಿಸಿ" ಎಂದು ವೈದ್ಯರನ್ನು ಬಲವಂತಪಡಿಸುವ ವಾಡಿಕೆಯು ನಮ್ಮ ಊರುಗಳಲ್ಲಿ ಬಹಳವಾಗಿದೆ. ಗುಳಿಗೆಯಿಂದ ವಾಸಿಯಾಗುವುದಕ್ಕೆ ಸೂಜಿ, ಸಿರಿಂಜು, ನಳಿಕೆ, ಬಾಟಲಿಗಳೆಲ್ಲ ಏತಕ್ಕೆ? ವೈದ್ಯರು ಬೇಡವೆಂದರೆ ಆ ಮಾತನ್ನು ಒಪ್ಪಿಕೊಳ್ಳೋಣ. ರಕ್ತದೊತ್ತಡವನ್ನು ನೋಡಿಸುವುದಕ್ಕೆ ಹಾಸನದವರೆಗೆ ಪ್ರಯಾಣಮಾಡದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ರೋಗಿಯನ್ನು ನೋಡಲು ಹೋಗುವಾಗ ಮನೆಯ ಲೋಟವನ್ನೂ ಬಟ್ಟೆಯ ಚೀಲವನ್ನೂ ಒಯ್ಯೋಣ. ಉಳಿದ ಔಷಧಗಳನ್ನು ಹೇಮಾವತಿಗಾಗಲಿ ಕಾವೇರಿಗಾಗಲಿ ಎಸೆಯದಿರೋಣ; ನಾವು ಎಸೆದದ್ದು ಕೆಳಗಿನ ಊರಿನವರ ಕುಡಿಯುವ ನೀರನ್ನು ಸೇರುವುದು.

ಕಡೆಯದಾಗಿ ಒಂದು ಮಾತು. ಈಗ ಅನೇಕ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆ ಸೂಜಿಯನ್ನು ಅಡಿಗೆಮನೆಯ ಕಸದೊಳಗೆ ಹಾಕಿದರೆ, ಮಾರನೆಯ ಬೆಳಿಗ್ಗೆ ಆ ಕಸಕ್ಕೆ ಕೈಯಿಡುವವಳು ಒಬ್ಬ ಪೌರಕಾರ್ಮಿಕ ಹೆಂಗಸು. ಅವಳಿಗೂ ಮಕ್ಕಳಿದ್ದಾರೆ. ಯಾರ ರಕ್ತದ ಸೂಜಿಯು ತನಗೆ ಚುಚ್ಚಿತೆಂದು ಅವಳು ಯಾರನ್ನು ಕೇಳಬೇಕು? ಗಟ್ಟಿಯಾದ ಒಂದು ಡಬ್ಬದಲ್ಲಿ ಸೂಜಿಗಳನ್ನು ಕೂಡಿಟ್ಟು, ಮುಚ್ಚಳವನ್ನು ಬಿಗಿದು, "ಸೂಜಿ" ಎಂದು ಮೇಲೆ ಬರೆದು, ಬೇರೆಯಾಗಿಯೇ ಒಪ್ಪಿಸುವುದಕ್ಕೆ ಖರ್ಚೇನೂ ಇಲ್ಲ. ನಮ್ಮ ಶಾಲೆಯಲ್ಲಿ ಕಲಿತು ದಾದಿಯರೂ ಉಪಾಧ್ಯಾಯಿನಿಯರೂ ತಾಯಂದಿರೂ ಆಗಿರುವ ಸಹೋದರಿಯರು ಈ ಒಂದು ಅಭ್ಯಾಸವನ್ನಾದರೂ ತಮ್ಮ ತಮ್ಮ ಬೀದಿಗಳಲ್ಲಿ ಹರಡುವುದಾದರೆ, ಈ ಲೇಖನವನ್ನು ಬರೆದ ನಮ್ಮ ಶ್ರಮವು ಸಾರ್ಥಕವಾಗುವುದು.