ಕುರ್ವೆಯ ಕಾಂಡ್ಲಾ ಕಾಡು ಮತ್ತು ಹಕ್ಕಿಗಳು



ನೇಗಿಲ ಹಿಂದೆ ಹುಳು ಹೆಕ್ಕುತ್ತ ಬರುವ ಬೆಳ್ಳಕ್ಕಿಯನ್ನು ಅರಿಯದ ರೈತನಿಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಮಡಿವಾಳ, ಪುಟ್ಟೇನಹಳ್ಳಿ ಕೆರೆಗಳಲ್ಲಿ ಬೆಳ್ಳಕ್ಕಿಯೂ ನೀರುಕಾಗೆಯೂ ಇಂದಿಗೂ ಕಾಣುತ್ತವೆ. ಇವು ನಮ್ಮ ಕರಾವಳಿಯ ಉಪ್ಪುನೀರಿನಲ್ಲಿಯೂ ಬಾಳುತ್ತವೆ. ಅಲ್ಲಿ ಇವುಗಳಿಗೆ ಆಸರೆಯಾದ ಕಾಡು ರೈತನಿಗೂ ಹೇಗೆ ಆಸರೆ ಎಂಬುದೇ ಈ ಪಾಠ.

ಕುರ್ವೆ ಮತ್ತು ಕಾಂಡ್ಲಾ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುತ್ತದೆ. ಅಲ್ಲಿ ನದಿಯ ನಡುವಿನ ನಡುಗಡ್ಡೆಗೆ ಕುರ್ವೆ ಎನ್ನುತ್ತಾರೆ. ಐಗಳಕುರ್ವೆ ಅಂಥದೊಂದು ಊರು. ದಿನಕ್ಕೆ ಎರಡು ಬಾರಿ ಭರತ ಏರಿ ಇಳಿಯುತ್ತದೆ. ಈ ಉಪ್ಪು ಕೆಸರಿನಲ್ಲಿ ಬೇರೆ ಮರ ಬದುಕುವುದು ಕಷ್ಟ, ಕಾಂಡ್ಲಾ ಬದುಕುತ್ತದೆ. ಕೆಲವು ಜಾತಿಗಳು ಊರುಗೋಲಿನಂಥ ಬೇರುಗಳ ಮೇಲೆ ನಿಲ್ಲುತ್ತವೆ. ಕೆಲವು ಕೆಸರಿನಿಂದ ಮೇಲಕ್ಕೆ ಬೇರಿನ ತುದಿ ಚಾಚಿ ಉಸಿರಾಡುತ್ತವೆ. ಊರುಗೋಲು ಬೇರಿನ ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಕೋಲಿನಂತೆ ಬೆಳೆದು ಬೀಳುತ್ತದೆ.

ಒಂದೇ ಜಾಗ, ಹಲವು ಹಕ್ಕಿ

ಇಷ್ಟು ಸಣ್ಣ ಜಾಗದಲ್ಲಿ ಹಲವು ಬಗೆಯ ಹಕ್ಕಿಗಳು ಹೇಗೆ ಬಾಳುತ್ತವೆ? ಕಾರಣ, ಒಂದರ ಊಟ ಇನ್ನೊಂದರದ್ದಲ್ಲ. ಇಳಿತದಲ್ಲಿ ಕೆಸರು ತೆರೆದಾಗ ಗೊರವಗಳು ಕೊಕ್ಕು ಚುಚ್ಚಿ ಹುಳು, ಸಣ್ಣ ಏಡಿ ತೆಗೆಯುತ್ತವೆ. ಇವುಗಳಲ್ಲಿ ಹಲವು ಚಳಿಗಾಲಕ್ಕೆ ಉತ್ತರದ ದೂರ ದೇಶಗಳಿಂದ ಬರುವ ವಲಸೆ ಹಕ್ಕಿಗಳು. ಉದ್ದ ಕಾಲಿನ ಬೆಳ್ಳಕ್ಕಿ, ಬಕಗಳು ತೆಳುನೀರಿನಲ್ಲಿ ನಿಂತು ಮೀನು ಕಾಯುತ್ತವೆ. ಮಿಂಚುಳ್ಳಿ ಕೊಂಬೆಯಿಂದ ಧುಮುಕುತ್ತದೆ. ನೀರುಕಾಗೆ ಮುಳುಗಿ ಹಿಡಿಯುತ್ತದೆ. ಗರುಡ ಮೇಲಿನಿಂದ ಎರಗುತ್ತದೆ. ಭರತ ಬಂದಾಗ ಹಲವು ಹಕ್ಕಿಗಳು ಕಾಂಡ್ಲಾ ಕೊಂಬೆಗಳಲ್ಲಿ ತಂಗುತ್ತವೆ. ಅವುಗಳ ಹಿಕ್ಕೆ ಮರಕ್ಕೆ ಗೊಬ್ಬರವಾಗುತ್ತದೆ.

ರೈತನಿಗೆ ಏನು?

ಅಘನಾಶಿನಿ ದಡದ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಬೆಳೆ. ಕೊಯ್ಲಾದ ಮೇಲೆ ತೂಬು ತೆರೆದರೆ ಮೀನು, ಸಿಗಡಿ. ಗದ್ದೆಯನ್ನು ಕಾಯುವುದು ಒಡ್ಡು. ಒಡ್ಡನ್ನು ಅಲೆಯ ಹೊಡೆತದಿಂದ ಕಾಯುವುದು ಕಾಂಡ್ಲಾ. ಮೀನಿನ ಮರಿಗಳು ಅಡಗಿ ಬೆಳೆಯುವುದೂ ಅದರ ಬೇರುಗಳ ನಡುವೆಯೇ. ಸೌದೆಗೆಂದೋ ಸಿಗಡಿ ಕೊಳಕ್ಕೆಂದೋ ಕಾಂಡ್ಲಾ ಕಡಿದರೆ ಒಡ್ಡು ಸಡಿಲವಾಗುತ್ತದೆ. ಒಡ್ಡು ಒಡೆದರೆ ಬೆಳೆಯ ಮೇಲೆ ಉಪ್ಪುನೀರು ನುಗ್ಗುತ್ತದೆ. ಆಗ ಕಳೆದುಕೊಳ್ಳುವವರು ಹಕ್ಕಿಗಳು ಮಾತ್ರವಲ್ಲ. ರೈತನೂ ಬೆಸ್ತನೂ ಕಳೆದುಕೊಳ್ಳುತ್ತಾರೆ.

2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು.

ನಾವು ಮಾಡಬೇಕಾದದ್ದು

ಕೆರೆಯ ಊರುಗಳಿಗೂ ಪಾಠ ಇದೇ. ಕೆರೆಯನ್ನು ಎಲ್ಲೆಡೆ ಒಂದೇ ಆಳಕ್ಕೆ ತೋಡಬೇಡಿ. ಅಂಚಿನಲ್ಲಿ ತೆಳುನೀರು, ಕೆಸರು ಉಳಿಯಲಿ. ನಡುಗಡ್ಡೆಯ ಮರ ಕಡಿಯಬೇಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ಅಲ್ಲಿನ ರೈತರು ಗೊಬ್ಬರವಾಗಿ ಬಳಸಿದ್ದಾರೆ.

ಅಭ್ಯಾಸ: ನಿಮ್ಮ ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಎಲ್ಲಿ ಮೇಯುತ್ತದೆ ಎಂದು ಮಕ್ಕಳಿಂದ ಒಂದು ವರ್ಷ ಬರೆಸಿಡಿ. ಯಾವುದು ಬರುವುದನ್ನು ನಿಲ್ಲಿಸಿತು ಎಂದು ಹಿರಿಯರನ್ನು ಕೇಳಿ. ಕಾರಣವನ್ನು ಊರವರೆಲ್ಲ ಕೂಡಿ ಯೋಚಿಸಿ.